ಹರ್ಲಿಂಗೋ, ಫುಟ್‌ಬಾಲೋ? ಎರಡೂ ಆಡಿ ಗೆದ್ದ ಟೆಡ್ಡಿ ಮೆಕಾರ್ಥಿ ಬಗ್ಗೆ ಗೊತ್ತಿರುವವರು ಬನ್ನಿ

ಕಾರ್ಕಮ್ಮ

ಎಲ್ಲರಿಗೂ ನಮಸ್ಕಾರ. ನಾವು ಐರ್ಲೆಂಡಿನ ಕಾರ್ಕ್ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಬಂದು ಒಂಬತ್ತು ವರ್ಷ ಆಯಿತು. ಮಗಳಿಗೆ ಈಗ 13. ಊರಿನ ಕ್ಲಬ್‌ನಲ್ಲಿ ಕ್ಯಾಮೋಗಿ ಆಡುತ್ತಾಳೆ, ಅಂದರೆ ಹೆಣ್ಣುಮಕ್ಕಳ ಹರ್ಲಿಂಗ್, ಮರದ ಕೋಲಿನಿಂದ ಚೆಂಡು ಹೊಡೆಯುವ ಇಲ್ಲಿನ ಆಟ. ಜೊತೆಗೆ ಕೈ ಕಾಲು ಎರಡರಿಂದಲೂ ಆಡುವ ಗೇಲಿಕ್ ಫುಟ್‌ಬಾಲ್. ಕಾರಿನ ಡಿಕ್ಕಿಯಲ್ಲಿ ಸದಾ ಎರಡು ಬ್ಯಾಗ್. ಒಂದರಲ್ಲಿ ಹೆಲ್ಮೆಟ್, ಎರಡು ಹರ್ಲಿ (ಆ ಆಟದ ಕೋಲು), ಸ್ಕೋರ್ಟ್ (ಒಳಗೆ ಚಡ್ಡಿ ಇರುವ ಲಂಗ). ಇನ್ನೊಂದರಲ್ಲಿ ಗ್ಲೌಸ್, ಹಲ್ಲಿನ ಗಾರ್ಡ್, ಚಡ್ಡಿ. ಬೂಟು ಮಾತ್ರ ಒಂದೇ ಜೊತೆ. ಅದು ಬೇಕಾದ ದಿನ ಬೇಕಾದ ಬ್ಯಾಗಿನಲ್ಲಿ ಸಿಕ್ಕಿದ್ದೇ ಇಲ್ಲ.

ವಿಷಯ ಏನಂದರೆ, ಹೋದ ವಾರ ಒಬ್ಬ ಕೋಚ್ ಗ್ರೂಪಿನಲ್ಲಿ ಮೆಸೇಜ್ ಹಾಕಿದರು. ಮುಂದಿನ ವರ್ಷದಿಂದ ಮಕ್ಕಳು ಒಂದು ಆಟ ಆರಿಸಿಕೊಂಡರೆ ಒಳ್ಳೆಯದು ಅಂತ. ಮಗಳು ಊಟ ಬಿಟ್ಟು ಕೂತಿದ್ದಾಳೆ. ಪಕ್ಕದ ಮನೆಯ ಅಜ್ಜನ ಹತ್ತಿರ ಹೇಳಿಕೊಂಡೆ. ಅವರು ನಕ್ಕು, "ಟೆಡ್ಡಿ ಮೆಕಾರ್ಥಿ ಯಾರು ಅಂತ ಮಗಳಿಗೆ ಹೇಳು" ಅಂದರು. ನನಗೇ ಗೊತ್ತಿಲ್ಲ, ಅವಳಿಗೆ ಏನು ಹೇಳಲಿ? ಇಲ್ಲಿ ಹಳಬರು ಇದ್ದೀರಲ್ಲ, ಸ್ವಲ್ಪ ಹೇಳಿ.

ಹರ್ಲಿಹುಚ್ಚ

ಅಕ್ಕ, ಸರಿಯಾದ ಹೆಸರನ್ನೇ ಕೇಳಿದ್ದೀರಿ. ನಾನು ಕಾರ್ಕ್‌ಗೆ ಬಂದು 18 ವರ್ಷ. ಬಂದ ಹೊಸದರಲ್ಲಿ ಆಫೀಸಿನಲ್ಲಿ ಸೋಮವಾರ ಯಾರೂ ಕೆಲಸದ ಮಾತೇ ಆಡುತ್ತಿರಲಿಲ್ಲ, ಬರೀ ಭಾನುವಾರದ ಮ್ಯಾಚ್. ಅರ್ಥ ಆಗಲಿ ಅಂತ ಒಂದು ಸಲ ಮೈದಾನಕ್ಕೆ ಹೋದೆ. ಅಲ್ಲಿಗೆ ಕಥೆ ಮುಗಿಯಿತು, ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಟೆಡ್ಡಿ ಮೆಕಾರ್ಥಿ ಕಾರ್ಕ್ ನಗರದ ಪಕ್ಕದ ಗ್ಲಾನ್‌ಮೈರ್‌ನವರು. ಹುಟ್ಟಿದ್ದು 1965ರಲ್ಲಿ. ಹರ್ಲಿಂಗ್ ಆಡಿದ್ದು ಸಾರ್ಸ್‌ಫೀಲ್ಡ್ಸ್ ಕ್ಲಬ್‌ಗೆ, ಫುಟ್‌ಬಾಲ್ ಗ್ಲಾನ್‌ಮೈರ್ ಕ್ಲಬ್‌ಗೆ. ಹೆಸರು ಎರಡು, ಊರು ಅದೇ, ಹುಡುಗರೂ ಅವರೇ. ಕಾರ್ಕ್‌ನಲ್ಲಿ ಇದು ಮಾಮೂಲು. ನಗರದ ಬ್ಲ್ಯಾಕ್‌ಪೂಲ್ ಕಡೆ ಹರ್ಲಿಂಗ್‌ಗೆ ಗ್ಲೆನ್ ರೋವರ್ಸ್, ಫುಟ್‌ಬಾಲ್‌ಗೆ ಸೇಂಟ್ ನಿಕೋಲಸ್. ಅಕ್ಕತಂಗಿಯರ ಹಾಗೆ.

1990ರಲ್ಲಿ ಕಾರ್ಕ್ ಕೌಂಟಿ ಹರ್ಲಿಂಗ್‌ನ ಆಲ್-ಐರ್ಲೆಂಡ್, ಅಂದರೆ ಕೌಂಟಿ ತಂಡಗಳ ರಾಷ್ಟ್ರಮಟ್ಟದ ಪಟ್ಟ, ಗೆದ್ದಿತು, ಫುಟ್‌ಬಾಲ್‌ನ ಆಲ್-ಐರ್ಲೆಂಡ್ ಕೂಡ ಗೆದ್ದಿತು. ಎರಡೂ ಫೈನಲ್‌ನಲ್ಲಿ ಅಂಗಳಕ್ಕೆ ಇಳಿದು ಆಡಿ ಗೆದ್ದ ಮನುಷ್ಯ ಒಬ್ಬರೇ, ಟೆಡ್ಡಿ. ಸೆಪ್ಟೆಂಬರ್ 2ಕ್ಕೆ ಒಂದು, 16ಕ್ಕೆ ಇನ್ನೊಂದು. ನಡುವೆ ಬರೀ 14 ದಿನ. ಒಂದೇ ವರ್ಷ ಎರಡೂ ಆಟದ ಸೀನಿಯರ್ ಫೈನಲ್ ಆಡಿ ಗೆದ್ದ ಗಂಡಸು ಅವರಿಗಿಂತ ಮುಂಚೆ ಇಲ್ಲ, ಆಮೇಲೂ ಇಲ್ಲ.

2023ರ ಜೂನ್‌ನಲ್ಲಿ ತೀರಿಕೊಂಡರು. ವಯಸ್ಸು 57 ಅಷ್ಟೇ. ಆ ವಾರ ಕಾರ್ಕ್‌ನಲ್ಲಿ ಯಾವ ಅಂಗಡಿಗೆ ಹೋದರೂ ಅದೇ ಮಾತು.

ಬಸವನಗುಡಿ ಬೌಲರ್

ಬೆಂಗಳೂರಿನಿಂದ ಸುಮ್ನೆ ಇಣುಕುತ್ತಿದ್ದೇನೆ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಎರಡು ಆಟಕ್ಕೂ ಏನು ವ್ಯತ್ಯಾಸ? ಅದೇ ಮೈದಾನ, ಅದೇ ಗೋಲು ಅಂತ ಎಲ್ಲೋ ಓದಿದ ನೆನಪು. ಹಾಗಾದರೆ ಎರಡೂ ಆಡುವುದು ಅಂಥ ದೊಡ್ಡ ವಿಷಯ ಯಾಕೆ?

ಹರ್ಲಿಹುಚ್ಚ

ದಡ್ಡ ಪ್ರಶ್ನೆ ಅಲ್ಲ ಗುರು. ಮೈದಾನ ಅದೇ, 130ರಿಂದ 145 ಮೀಟರ್ ಉದ್ದ. ತಂಡಕ್ಕೆ 15 ಜನ. ಗೋಲು ಇಂಗ್ಲಿಷಿನ ಹೆಚ್ ಅಕ್ಷರದ ಹಾಗೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಒಂದು ಗೋಲು, ಅಂದರೆ 3 ಪಾಯಿಂಟ್. ಮೇಲಿನಿಂದ ದಾಟಿಸಿದರೆ 1. ಹಾಗಾಗಿ 5-15 ಅಂತ ಬರೆದಿದ್ದರೆ 5 ಗೋಲು 15 ಪಾಯಿಂಟ್, ಒಟ್ಟು 30. 2025ರಿಂದ ಫುಟ್‌ಬಾಲ್‌ನಲ್ಲಿ 40 ಮೀಟರ್ ಕಮಾನಿನ ಹೊರಗಿನಿಂದ ದಾಟಿಸಿದರೆ 2 ಕೊಡುತ್ತಾರೆ, ಅದು ಬೇರೆ ಜಗಳ.

ಸಾಮ್ಯ ಅಲ್ಲಿಗೆ ಮುಗಿಯಿತು. ಫುಟ್‌ಬಾಲ್‌ನಲ್ಲಿ ದೊಡ್ಡ ಚೆಂಡು, ಕೈಯಲ್ಲಿ ಹಿಡಿದು ಓಡಬಹುದು. ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲ ಕಾಲಿನ ತುದಿಯಿಂದ ಕೈಗೆ ಚಿಮ್ಮಿಸಿಕೊಳ್ಳಬೇಕು. ಭುಜಕ್ಕೆ ಭುಜ ಕೊಟ್ಟು ನುಗ್ಗುವ ಆಟ. ಹರ್ಲಿಂಗ್‌ನಲ್ಲಿ ಕೈಯಲ್ಲಿ ಮರದ ಹರ್ಲಿ, ಚೆಂಡು ಕ್ರಿಕೆಟ್ ಚೆಂಡಿನಷ್ಟು ಗಾತ್ರ, ಹೆಸರು ಸ್ಲಿಟರ್. ಅದು ತಲೆಯ ಮೇಲೆ ಹಾರಿ ಬರುತ್ತಿರುತ್ತದೆ, ಪಕ್ಕದವನು ಅದಕ್ಕೇ ಹರ್ಲಿ ಬೀಸುತ್ತಿರುತ್ತಾನೆ. ಅದರ ಮಧ್ಯೆ ನೀನು ಬರಿಗೈ ಚಾಚಿ ಹಿಡಿಯಬೇಕು. ಬೌಲರ್ ಅಲ್ವಾ ನೀನು? ಸ್ಲಿಪ್‌ನಲ್ಲಿ ನಿಂತಿದ್ದಾಗ ಕಣ್ಣ ಮುಂದೆ ಮೂರು ಜನ ಬ್ಯಾಟು ಬೀಸುತ್ತಿದ್ದಾರೆ ಅಂದುಕೋ. ಅದು ಹರ್ಲಿಂಗ್.

ಟೆಡ್ಡಿಯ ಹೆಸರು ಎದ್ದಿದ್ದೇ ಈ ಹಿಡಿತದಿಂದ. ಎರಡೂ ಆಟದಲ್ಲಿ ಎತ್ತರದ ಚೆಂಡು ಅವರದೇ. ಹಳೆಯ ವೀಡಿಯೊ ಸಿಕ್ಕರೆ ನೋಡು. ಕಾಲುಚೀಲ ಕಣಕಾಲಿಗೆ ಜಾರಿರುತ್ತದೆ, ಯಾವಾಗಲೂ. ಚೆಂಡು ಇಳಿಯುವ ಹೊತ್ತಿಗೆ ಸುತ್ತ ನಾಲ್ಕು ಜನ. ಇವರು ಅವರಿಗಿಂತ ಅರೆಗಳಿಗೆ ಮೊದಲೇ ನೆಲ ಬಿಟ್ಟಿರುತ್ತಾರೆ, ಅವರು ಇಳಿಯುವಾಗಲೂ ಇನ್ನೂ ಮೇಲೇ ಇರುತ್ತಾರೆ.

ನೈಟ್ ಡ್ಯೂಟಿ ನರ್ಸ್

ನಮ್ಮ ವಾರ್ಡಿನಲ್ಲಿ ವಯಸ್ಸಾದವರು ಜಾಸ್ತಿ. ಅವರ ಹತ್ತಿರ ಈ ವಿಷಯ ಎತ್ತಿದರೆ ಟೆಡ್ಡಿಗಿಂತ ಮೊದಲು ಬರುವ ಹೆಸರು ಜ್ಯಾಕ್ ಲಿಂಚ್. ನಾನು ಮೊದಲು ಅವರು ಬರೀ ರಾಜಕಾರಣಿ ಅಂದುಕೊಂಡಿದ್ದೆ. ಐರ್ಲೆಂಡಿನ ಪ್ರಧಾನಿ ಆಗಿದ್ದವರು, 1966ರಿಂದ 73, ಮತ್ತೆ 1977ರಿಂದ 79. ನಗರದಿಂದ ಲೀ ನದಿಯ ಕೆಳಗೆ ಹೋಗುವ ಸುರಂಗ ರಸ್ತೆಗೆ ಅವರದೇ ಹೆಸರು, ನಾನು ದಿನಾ ಅದರಲ್ಲೇ ಡ್ಯೂಟಿಗೆ ಹೋಗುತ್ತೇನೆ. ಆಮೇಲೆ ಗೊತ್ತಾಯಿತು. 1941ರಿಂದ 44ರವರೆಗೆ ಸತತ ನಾಲ್ಕು ವರ್ಷ ಹರ್ಲಿಂಗ್ ಪದಕ, 45ರಲ್ಲಿ ಫುಟ್‌ಬಾಲ್ ಪದಕ, 46ರಲ್ಲಿ ಮತ್ತೆ ಹರ್ಲಿಂಗ್. ಆರು ವರ್ಷ, ಆರು ಪದಕ.

45ರ ಫೈನಲ್ ದಿನದ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ, ಲಿಂಚ್ ಅವರೇ ಹೇಳಿಕೊಂಡು ನಗುತ್ತಿದ್ದರಂತೆ. ಡಬ್ಲಿನ್‌ನಲ್ಲಿ ಫೈನಲ್ ನಡೆಯುವ ಕ್ರೋಕ್ ಪಾರ್ಕ್ ಮೈದಾನಕ್ಕೆ ಹೋಗಲು ಬಸ್ಸಿಗೆ ಉದ್ದ ಕ್ಯೂ. ಹೊತ್ತಾಗುತ್ತಿದೆ ಅಂತ ಕ್ಯೂ ಮುರಿದು ಮುಂದೆ ಹೋದರು. ನಾನು ಇವತ್ತು ಫೈನಲ್ ಆಡಬೇಕು ಅಂದರು. ಕಂಡಕ್ಟರ್, ಇಷ್ಟು ಚೆನ್ನಾಗಿರುವ ನೆಪ ನಾನು ಕೇಳಿಯೇ ಇಲ್ಲ ಅಂತ ಹತ್ತಿಸಿಕೊಂಡರಂತೆ! ಫೈನಲ್ ಆಡುವವನು ಸಿಟಿ ಬಸ್ಸಿನಲ್ಲಿ. ಇವತ್ತಿಗೂ ಇಲ್ಲಿ ಆಟಗಾರರಿಗೆ ಸಂಬಳ ಇಲ್ಲ ನೋಡಿ. ಸೋಮವಾರ ಎಲ್ಲರೂ ಮೇಷ್ಟ್ರು, ಪೊಲೀಸು, ಬ್ಯಾಂಕಿನವರು, ಹಸು ಸಾಕುವವರು.

ಮೂಗು ಮುರಿಯುವವ

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ತಕರಾರು ತೆಗೆಯುತ್ತೇನೆ. ಟೆಡ್ಡಿ ದೊಡ್ಡ ಆಟಗಾರ, ಒಪ್ಪಿದೆ. ಆದರೆ ಆ 1990ರ ಮಾತು ಅರ್ಧ ಅದೃಷ್ಟ. ಒಂದೇ ವರ್ಷ ಒಂದೇ ಕೌಂಟಿಯ ಎರಡೂ ತಂಡ ಗಟ್ಟಿ ಇದ್ದವು, ಈತ ಎರಡರಲ್ಲೂ ಇದ್ದ, ಅಷ್ಟೇ. ಎರಡೂ ಆಟದಲ್ಲಿ ನಿಜವಾಗಿ ಮೇಲಿದ್ದವರು ಬೇಕಾದರೆ ಜಿಮ್ಮಿ ಬ್ಯಾರಿ-ಮರ್ಫಿ. 1973ರಲ್ಲಿ ಇನ್ನೂ ಮೀಸೆ ಮೂಡದ ಹುಡುಗ, ಫುಟ್‌ಬಾಲ್ ಫೈನಲ್‌ನಲ್ಲಿ ಗಾಲ್ವೇ ಕೌಂಟಿ ಮೇಲೆ ಎರಡು ಗೋಲು. ಆಮೇಲೆ ಹರ್ಲಿಂಗ್‌ನಲ್ಲಿ 1976, 77, 78, 84, 86, ಐದು ಪದಕ. ಸಾಲದು ಅಂತ ಕಾರ್ಕ್ ಸೆಲ್ಟಿಕ್‌ಗೆ ಸಾಕರ್ ಬೇರೆ ಆಡಿದವರು.

ಹರ್ಲಿಹುಚ್ಚ

ಜಿಮ್ಮಿ ಬಗ್ಗೆ ನನ್ನ ಹತ್ತಿರ ಜಗಳಕ್ಕೆ ಬರಬೇಡಿ ಸಾರ್, ನಾನೇ ಅವರ ಭಕ್ತ. ಒಂದು ಚೆಂದದ ವಿಷಯ ಹೇಳುತ್ತೇನೆ. ಜಿಮ್ಮಿ ಕಾರ್ಕ್ ಪರ ಆಡಿದ ಕೊನೆಯ ಚಾಂಪಿಯನ್‌ಶಿಪ್ ಪಂದ್ಯ 1986ರ ಹರ್ಲಿಂಗ್ ಫೈನಲ್, ಗಾಲ್ವೇ ಮೇಲೆ 4-13ಕ್ಕೆ 2-15. ಅದೇ ಪಂದ್ಯ ಟೆಡ್ಡಿಯ ಮೊದಲ ಚಾಂಪಿಯನ್‌ಶಿಪ್ ಹರ್ಲಿಂಗ್ ಪಂದ್ಯ. ಹೌದು, ಹುಡುಗನನ್ನು ನೇರ ಫೈನಲ್‌ಗೇ ಇಳಿಸಿದರು. ಅಳಿಯ ಮದುವೆಮನೆಗೇ ಮೊದಲ ಸಲ ಬಂದ ಹಾಗೆ. ಗೆದ್ದು ಪದಕ ಹಾಕಿಕೊಂಡು ಹೋದ.

ಇನ್ನು ಅದೃಷ್ಟದ ಮಾತು. ಆ ನಾಲ್ಕು ವರ್ಷ ನೋಡಿ, ಆಮೇಲೆ ಹೇಳಿ. ಫುಟ್‌ಬಾಲ್‌ನಲ್ಲಿ 1987ರ ಫೈನಲ್ ಕಾರ್ಕ್ ಸೋತಿತು, ಮೀತ್ ಕೌಂಟಿ ಎದುರು. 1988ರಲ್ಲಿ ಮತ್ತೆ ಮೀತ್, ಡ್ರಾ. ಮರುಪಂದ್ಯದಲ್ಲಿ ಮೀತ್‌ನ ಒಬ್ಬನನ್ನು ರೆಫರಿ ಬೇಗನೇ ಹೊರಗೆ ಕಳಿಸಿದರು. ಎದುರಿಗೆ 14 ಜನ, ಆದರೂ ಕಾರ್ಕ್ ಒಂದು ಪಾಯಿಂಟಿನಿಂದ ಸೋತಿತು. 0-13ಕ್ಕೆ 0-12. ಅದನ್ನು ಇಲ್ಲಿನವರು ಇನ್ನೂ ಮರೆತಿಲ್ಲ. 1989ರಲ್ಲಿ ಮೇಯೋ ಮೇಲೆ ಗೆದ್ದಾಗಲೂ ಬಾಯಿ ತುಂಬ ನಗಲಿಲ್ಲವಂತೆ, ಯಾಕೆಂದರೆ ಎದುರಿಗೆ ಇದ್ದದ್ದು ಮೀತ್ ಅಲ್ಲ!

ಈಗ 1990. ಸೆಪ್ಟೆಂಬರ್ 2, ಹರ್ಲಿಂಗ್, ಎದುರಿಗೆ ಗಾಲ್ವೇ. ಆ ವರ್ಷ ಕಾರ್ಕ್‌ಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಕೋಚ್ ಜೆರಾಲ್ಡ್ ಮೆಕಾರ್ಥಿ, ಮೇಲ್ವಿಚಾರಣೆ ಪಾದ್ರಿ ಮೈಕೆಲ್ ಓಬ್ರಯನ್, ನಾಯಕ ಟೊಮಾಸ್ ಮಲ್ಕಹಿ. ಟೆಡ್ಡಿ ಮಿಡ್‌ಫೀಲ್ಡ್. ಮೊದಲ ನಿಮಿಷದಲ್ಲೇ ಕೆವಿನ್ ಹೆನೆಸಿ ಗೋಲು ಹೊಡೆದ. ಆಮೇಲೆ ಗಾಲ್ವೇಯ ಜೋ ಕೂನಿ ಶುರು ಮಾಡಿದ, ಕಾರ್ಕ್‌ಗೆ ಉಸಿರು ಬಿಡಲು ಆಗಲಿಲ್ಲ. ಮಧ್ಯಂತರಕ್ಕೆ ಗಾಲ್ವೇ ಮುಂದೆ. ಎರಡನೇ ಅರ್ಧದಲ್ಲಿ ಗಾಲ್ವೇಯ ಮಾರ್ಟಿನ್ ನಾಟನ್ ಗೋಲಿನ ಮುಂದೆ ಒಬ್ಬನೇ. ಹೊಡೆದ ಚೆಂಡು ಕಾರ್ಕ್ ಗೋಲಿ (ಗೋಲ್‌ಕೀಪರ್) ಜೆರ್ ಕನಿಂಗ್‌ಹ್ಯಾಮ್‌ನ ಮುಖಕ್ಕೆ ಬಡಿದು ಹೊರಗೆ ಹೋಯಿತು. ಆಗ ಎಲ್ಲರೂ ಹೆಲ್ಮೆಟ್ ಹಾಕುತ್ತಿರಲಿಲ್ಲ, ಈತನದು ಬರಿ ಮೂಗು! ರೆಫರಿ ಅದು ತಾನಾಗೇ ಹೊರಗೆ ಹೋಯಿತು ಅಂತ ವೈಡ್ (ಗುರಿ ತಪ್ಪಿದ ಹೊಡೆತ) ಕೊಟ್ಟರು, ಗೋಲಿಗೆ ತಾಗಿದ್ದು ಅಂದಿದ್ದರೆ ಗಾಲ್ವೇಗೆ ಫ್ರೀ ಹೊಡೆತ ಸಿಗಬೇಕಿತ್ತು. ಗಾಲ್ವೇಯವರು ಇವತ್ತಿಗೂ ಅದಕ್ಕೆ ಬೈಯುತ್ತಾರೆ. ಜಾನ್ ಫಿಟ್ಜ್‌ಗಿಬನ್ ಎರಡು ಗೋಲು. ಕೊನೆಗೆ 5-15ಕ್ಕೆ 2-21. ಲೆಕ್ಕ ಹಾಕಿ: 30ಕ್ಕೆ 27.

ಗೆದ್ದವರನ್ನು ಇಲ್ಲಿ ಸೋಮವಾರ ಸಂಜೆ ನಗರದಲ್ಲಿ ಮೆರವಣಿಗೆ ಮಾಡುವುದು ವಾಡಿಕೆ. ಉಳಿದ ಹರ್ಲಿಂಗ್ ಹುಡುಗರಿಗೆ ಅಲ್ಲಿಂದ ವರ್ಷವಿಡೀ ಹಬ್ಬ. ಟೆಡ್ಡಿಗೆ ಮುಂದೆ ಇನ್ನೊಂದು ಫೈನಲ್ ಕಾಯುತ್ತಿತ್ತು.

ಸೆಪ್ಟೆಂಬರ್ 16, ಫುಟ್‌ಬಾಲ್. ಎದುರಿಗೆ ಯಾರು? ಮೀತ್! ಮ್ಯಾನೇಜರ್ ಬಿಲ್ಲಿ ಮಾರ್ಗನ್, ನಾಯಕ ಲ್ಯಾರಿ ಟಾಂಪ್ಕಿನ್ಸ್. ಮಧ್ಯಂತರಕ್ಕೆ ಮುಂಚೆಯೇ ಕಾರ್ಕ್‌ನ ಕಾಲಂ ಓನೀಲ್ ಕೈ ಮಾಡಿ ಹೊರಗೆ ಹೋದ. ಈಗ 14 ಜನ ಕಾರ್ಕ್ ಕಡೆ. 88ರ ಲೆಕ್ಕ ತಿರುಗುಮುರುಗು. ಟೆಡ್ಡಿ ಇಲ್ಲಿ ವಿಂಗ್ ಫಾರ್ವರ್ಡ್, ಮಿಡ್‌ಫೀಲ್ಡ್‌ನಲ್ಲಿ ಶೇ ಫಾಹಿ. 0-11ಕ್ಕೆ 0-9. ಗೋಲೇ ಇಲ್ಲ, ಚೆಂದವೂ ಇಲ್ಲ, ಬರೀ ಹಲ್ಲು ಕಚ್ಚಿ ಆಡಿದ ಪಂದ್ಯ. ಹದಿನಾಲ್ಕು ದಿನದ ಹಿಂದೆ ಹರ್ಲಿ ಹಿಡಿದು 70 ನಿಮಿಷ ಓಡಿದವನು ಇಲ್ಲಿ ಒಬ್ಬ ಕಡಿಮೆ ಇರುವ ತಂಡದಲ್ಲಿ ಮತ್ತೆ 70 ನಿಮಿಷ. ಇದನ್ನು ಅದೃಷ್ಟ ಅನ್ನುವುದಾದರೆ ಅಂಥ ಅದೃಷ್ಟ ನನಗೆ ಬೇಡಪ್ಪ.

ಮೂಗು ಮುರಿಯುವವ

ಸರಿ ಮಾರಾಯ, ಅರ್ಧ ಅದೃಷ್ಟ ಅಂದಿದ್ದನ್ನು ಕಾಲು ಭಾಗಕ್ಕೆ ಇಳಿಸುತ್ತೇನೆ. ಪೂರ್ತಿ ಬಿಡಲ್ಲ. ಕಾರ್ಕ್ ಬಿಟ್ಟು ಬೇರೆ ಕೌಂಟಿಯಲ್ಲಿ ಹುಟ್ಟಿದ್ದರೆ? ಕೆರಿಯಲ್ಲಿ ಹುಟ್ಟಿದ್ದರೆ ಬರೀ ಫುಟ್‌ಬಾಲ್, ಕಿಲ್ಕೆನಿಯಲ್ಲಿ ಹುಟ್ಟಿದ್ದರೆ ಬರೀ ಹರ್ಲಿಂಗ್.

ಹಳೇ ಸ್ಕೋರ್‌ಬುಕ್

ಅದು ನಿಜ. ಎರಡೂ ಆಟ ಒಂದೇ ತೂಕದಲ್ಲಿರುವ ಕೌಂಟಿ ಕಡಿಮೆ. ಕಾರ್ಕ್ ದೊಡ್ಡ ಕೌಂಟಿ. ಪೂರ್ವದ ಕಡೆ ಹರ್ಲಿಂಗ್ ನೆಲ, ಪಶ್ಚಿಮದ ಗುಡ್ಡಗಾಡಿನ ಕಡೆ ಫುಟ್‌ಬಾಲ್. ನಗರದಲ್ಲಿ ಎರಡೂ.

ಇನ್ನೊಂದು ಮಾತು. ಕಾರ್ಕ್ ಒಂದೇ ವರ್ಷ ಎರಡೂ ಗೆದ್ದಿದ್ದು 1990ರಲ್ಲಿ ಮೊದಲ ಸಲ ಅಲ್ಲ. 1890ರಲ್ಲೂ ಗೆದ್ದಿತ್ತು, ಸರಿಯಾಗಿ ನೂರು ವರ್ಷ ಮುಂಚೆ. ಆಗ ಕೌಂಟಿಯ ಪರ ಒಂದೊಂದು ಕ್ಲಬ್ ಹೋಗುತ್ತಿತ್ತು. ಹರ್ಲಿಂಗ್‌ಗೆ ಅಗಬುಲ್ಲೋಗ್, ಫುಟ್‌ಬಾಲ್‌ಗೆ ಮಿಡಲ್‌ಟನ್. ಟಿಪ್ಪರೇರಿ ಕೂಡ 1895 ಮತ್ತು 1900ರಲ್ಲಿ ಎರಡೂ ಗೆದ್ದಿದೆ.

ಕಾರ್ಕ್ ಹೊರಗಿನ ಉದಾಹರಣೆ ಬೇಕಾದರೆ ಆಫಲಿ ಕೌಂಟಿಯ ಲಿಯಮ್ ಕರಮ್ಸ್. 1981ರಲ್ಲಿ ಹರ್ಲಿಂಗ್, ಅದು ಆಫಲಿಗೆ ಮೊಟ್ಟಮೊದಲ ಪಟ್ಟ. 1982ರಲ್ಲಿ ಫುಟ್‌ಬಾಲ್, ಅದೂ ಕೆರಿಯ ಸತತ ಐದನೇ ಪಟ್ಟದ ಕನಸು ಒಡೆದು. ನನ್ನ ಲೆಕ್ಕದಲ್ಲಿ ಸಣ್ಣ ಕೌಂಟಿಯಿಂದ ಬಂದ ಇದು ಇನ್ನೂ ಕಷ್ಟದ ಕೆಲಸ. ಆದರೆ ಒಂದೇ ವರ್ಷ ಅಲ್ಲ ನೋಡಿ, ಅದಕ್ಕೇ ಜನ ಮರೆಯುತ್ತಾರೆ.

ಮತ್ತೆ ಎರಡನ್ನೂ ಮುಟ್ಟುವಷ್ಟು ಹತ್ತಿರ ಬಂದವರು ಕಾರ್ಕ್‌ನದೇ ಶಾನ್ ಓಗ್ ಓ ಹಲ್ಪಿನ್. 1999ರ ಸೆಪ್ಟೆಂಬರ್ 12ಕ್ಕೆ ಹರ್ಲಿಂಗ್ ಫೈನಲ್, ಕಿಲ್ಕೆನಿ ಮೇಲೆ 0-13ಕ್ಕೆ 0-12, ಗೆದ್ದರು. 26ಕ್ಕೆ ಫುಟ್‌ಬಾಲ್ ಫೈನಲ್, ಅದೇ ಮೀತ್ ಎದುರು, 1-11ಕ್ಕೆ 1-8, ಸೋತರು. ಆ ವರ್ಷ ಹರ್ಲಿಂಗ್ ಮ್ಯಾನೇಜರ್ ಯಾರು ಗೊತ್ತಾ? ಜಿಮ್ಮಿ ಬ್ಯಾರಿ-ಮರ್ಫಿ. ಫುಟ್‌ಬಾಲ್ ಮ್ಯಾನೇಜರ್? 1990ರ ನಾಯಕ ಲ್ಯಾರಿ ಟಾಂಪ್ಕಿನ್ಸ್. ಮೀತ್‌ನ ಮ್ಯಾನೇಜರ್ ಮಾತ್ರ 1990ರಲ್ಲಿ ಇದ್ದವರೇ, ಶಾನ್ ಬಾಯ್ಲನ್!

ಕಾರ್ಕಮ್ಮ

ಶಾನ್ ಓಗ್ ಅಂದರೆ ಫಿಜಿ ಕಡೆಯವರು ಅಲ್ವಾ? ಮಗಳ ಶಾಲೆಯಲ್ಲಿ ಅವರ ಚಿತ್ರ ಇದೆ.

ಹಳೇ ಸ್ಕೋರ್‌ಬುಕ್

ತಾಯಿ ಫಿಜಿಯ ರೊಟುಮಾ ದ್ವೀಪದವರು, ತಂದೆ ಐರ್ಲೆಂಡಿನ ಫರ್ಮನಾ ಕೌಂಟಿಯವರು. ಬೆಳೆದದ್ದು ಸಿಡ್ನಿಯಲ್ಲಿ. 1988ರಲ್ಲಿ ಕಾರ್ಕ್‌ಗೆ ಬಂದಾಗ ವಯಸ್ಸು 11. ಮೇಡಂ, ನಿಮ್ಮ ಮಗಳಿಗಿಂತ ತಡವಾಗಿ ಹರ್ಲಿ ಹಿಡಿದ ಹುಡುಗ. 2004ರಲ್ಲಿ ವರ್ಷದ ಹರ್ಲರ್. 2005ರಲ್ಲಿ ನಾಯಕನಾಗಿ ಕಪ್ ಎತ್ತಿದಾಗ ಭಾಷಣ ಮಾಡಿದ್ದು ಐರಿಶ್ ಭಾಷೆಯಲ್ಲಿ. ಅದಾದ ಮೇಲೆ, 2025ರ ಫೈನಲ್ ಸೋಲೂ ಸೇರಿ, ಅಲ್ಲಿವರೆಗೂ ಕಾರ್ಕ್ ಹರ್ಲಿಂಗ್ ಗೆಲ್ಲಲಿಲ್ಲ. ಫುಟ್‌ಬಾಲ್ 2010ಕ್ಕೇ ನಿಂತಿದೆ. ಇಲ್ಲಿನವರ ಮುಂದೆ ಈ ಅಂಕಿ ಹೇಳಬೇಡಿ, ಚಹಾ ಕೊಡುವುದಿಲ್ಲ.

ತುಂಗೆಯ ಮಗಳು

ಇಷ್ಟು ಹೊತ್ತು ಸುಮ್ಮನೆ ಓದಿದೆ. ಅಕ್ಕ ಕೇಳಿದ್ದು ಹೆಣ್ಣುಮಗಳ ಬಗ್ಗೆ. ನೀವೆಲ್ಲ ಗಂಡಸರ ಪದಕ ಎಣಿಸುತ್ತಿದ್ದೀರಿ. ರೀನಾ ಬಕ್ಲಿ, ಬ್ರೀಜ್ ಕಾರ್ಕರಿ ಹೆಸರು ಯಾರ ಬಾಯಲ್ಲೂ ಬರಲಿಲ್ಲ ಯಾಕೆ?

ಇಬ್ಬರೂ ಕಾರ್ಕ್‌ನವರೇ. ಒಬ್ಬೊಬ್ಬರಿಗೂ 18 ಸೀನಿಯರ್ ಆಲ್-ಐರ್ಲೆಂಡ್ ಪದಕ. ಫುಟ್‌ಬಾಲ್‌ನಲ್ಲಿ 11, ಕ್ಯಾಮೋಗಿಯಲ್ಲಿ 7. ಒಂದೇ ವರ್ಷ ಎರಡೂ ಗೆದ್ದದ್ದು ಒಂದು ಸಲ ಅಲ್ಲ ಸ್ವಾಮಿ, 2014, 2015 ಸೇರಿ ಹಲವು ಸಲ. 2014ರ ಫುಟ್‌ಬಾಲ್ ಫೈನಲ್ ನಾನು ಟಿವಿಯಲ್ಲಿ ನೋಡಿದೆ. ಡಬ್ಲಿನ್ 10 ಪಾಯಿಂಟ್ ಮುಂದೆ, ಆಟ ಉಳಿದದ್ದು ಕಾಲು ಗಂಟೆ ಚಿಲ್ಲರೆ. ನಾನು ಎದ್ದು ಅನ್ನಕ್ಕೆ ಇಟ್ಟು ಬಂದೆ. ಕುಕ್ಕರ್ ಕೂಗುವ ಹೊತ್ತಿಗೆ ಕಾರ್ಕ್ ಒಂದು ಪಾಯಿಂಟಿನಿಂದ ಗೆದ್ದಿತ್ತು. 2-13ಕ್ಕೆ 2-12.

ರೀನಾ 2012ರಲ್ಲಿ ಫುಟ್‌ಬಾಲ್ ತಂಡದ ನಾಯಕಿಯಾಗಿ ಕಪ್ ಎತ್ತಿದರು, 2017ರಲ್ಲಿ ಕ್ಯಾಮೋಗಿ ತಂಡದ ನಾಯಕಿಯಾಗಿ. ಎರಡೂ ಆಟದಲ್ಲಿ ನಾಯಕಿಯಾಗಿ ಗೆದ್ದ ಮೊದಲಿಗರು. ಕೆಲಸ ಫಿಸಿಯೊಥೆರಪಿ. ಬ್ರೀಜ್ ಕಲ್ಲುಕುಟಿಗೆ ಆಗಿದ್ದವರು, ಆಮೇಲೆ ಹಾಲಿನ ಹಸು ಸಾಕಣೆ. ಕಲ್ಲು ಕಟ್ಟಿ ಬಂದು ಸಂಜೆ ಪ್ರಾಕ್ಟೀಸು! ಟೆಡ್ಡಿ ದೊಡ್ಡವರೇ. ಆದರೆ "ಅವರೊಬ್ಬರೇ" ಅಂತ ಬರೆಯುವಾಗ "ಗಂಡಸರಲ್ಲಿ" ಅಂತ ಒಂದು ಪದ ಸೇರಿಸಿ.

ಹರ್ಲಿಹುಚ್ಚ

ತಂಗಿ, ನಾನು "ಗಂಡಸು" ಅಂತ ಬರೆದಿದ್ದೇನೆ, ಮೇಲೆ ನೋಡು. ಆದರೆ ಅವರಿಬ್ಬರ ಹೆಸರು ಹೇಳದೇ ಹೋದದ್ದು ತಪ್ಪೇ. ಒಪ್ಪಿದೆ.

ಬಸವನಗುಡಿ ಬೌಲರ್

ಹಾಗಾದರೆ ಈಗ ಯಾಕೆ ಯಾರೂ ಎರಡೂ ಆಡಲ್ಲ? ಆಟಗಾರರು ಸೋಮಾರಿ ಆದರಾ?

ಅಂಡರ್-14 ಅಪ್ಪ

ನಾನು ಕ್ಲಬ್‌ನಲ್ಲಿ ಸಣ್ಣವರ ತಂಡಕ್ಕೆ ಕೈ ಜೋಡಿಸುತ್ತೇನೆ, ನೀರಿನ ಬಾಟಲಿ ಹೊರುವ ಕೆಲಸದಿಂದ ಬಡ್ತಿ ಸಿಕ್ಕಿ ಈಗ ಕೋನ್ ಇಡುತ್ತೇನೆ. ಸೋಮಾರಿತನ ಅಲ್ಲವೇ ಅಲ್ಲ. ದಿನ ಸಾಲದು.

ಆಗ ಕೌಂಟಿ ತಂಡದ ಚಾಂಪಿಯನ್‌ಶಿಪ್ ಅಂದರೆ ನಾಕೌಟ್. ಬೇಸಿಗೆಯಲ್ಲಿ ನಾಲ್ಕೈದು ಪಂದ್ಯ ಆಡಿದರೆ ಫೈನಲ್. ನಡುವೆ ವಾರಗಟ್ಟಲೆ ಬಿಡುವು. ಎರಡು ಆಟ ಅಂದರೂ ಎಂಟು ಹತ್ತು ಪಂದ್ಯ. ಈಗ 2018ರಿಂದ ಹರ್ಲಿಂಗ್‌ನಲ್ಲಿ ಪ್ರಾಂತ್ಯದ ಮಟ್ಟದಲ್ಲೇ ರೌಂಡ್ ರಾಬಿನ್. 2022ರಿಂದ ಕೌಂಟಿ ಆಟ ಎಲ್ಲ ವರ್ಷದ ಮೊದಲರ್ಧಕ್ಕೆ ಒತ್ತಿಟ್ಟಿದ್ದಾರೆ, ಫೈನಲ್ ಜುಲೈಗೆ ಬಂದಿದೆ. ಸೆಪ್ಟೆಂಬರ್ ಫೈನಲ್ ಈಗ ಇಲ್ಲವೇ ಇಲ್ಲ. ವಾರ ಬಿಟ್ಟು ವಾರ ಪಂದ್ಯ. ಎರಡೂ ತಂಡ ಒಂದೇ ಶನಿವಾರ ಭಾನುವಾರ ಆಡುತ್ತವೆ.

ಮೇಲೆ ವಾರಕ್ಕೆ ನಾಲ್ಕು ಸಲ ಪ್ರಾಕ್ಟೀಸು, ಜಿಮ್ಮು, ಬೆನ್ನಿಗೆ ಜಿಪಿಎಸ್ ಕಟ್ಟಿ ಎಷ್ಟು ಓಡಿದ ಅಂತ ಲೆಕ್ಕ. ಎರಡು ತಂಡದ ಎರಡು ಲೆಕ್ಕ ಒಂದೇ ಮೈ ಮೇಲೆ ಕೂತರೆ ತೊಡೆಯ ಸ್ನಾಯು ಮೊದಲು ರಾಜೀನಾಮೆ ಕೊಡುತ್ತದೆ. ಕ್ಲೇರ್ ಕೌಂಟಿಯ ಪೋಡ್ಜ್ ಕಾಲಿನ್ಸ್ 2013ರಲ್ಲಿ ಹರ್ಲಿಂಗ್ ಗೆದ್ದು 2014ರಲ್ಲಿ ಎರಡೂ ಆಡಲು ಹೊರಟ. ಕಾರ್ಕ್‌ನಲ್ಲೂ ಅದೇ ಹೊತ್ತಿಗೆ ಏಡನ್ ವಾಲ್ಶ್ ಪ್ರಯತ್ನ ಪಟ್ಟ. ಯಾರಿಗೂ ಉಳಿಸಿಕೊಳ್ಳಲು ಆಗಲಿಲ್ಲ. ಹುಡುಗರಿಗೆ ಆಸೆ ಇಲ್ಲ ಅಂತ ಅಲ್ಲ, ಕ್ಯಾಲೆಂಡರಿನಲ್ಲಿ ಮನೆ ಖಾಲಿ ಇಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು. ಕ್ಯಾಮೋಗಿಗೂ ಮಹಿಳಾ ಫುಟ್‌ಬಾಲ್‌ಗೂ ಬೇರೆ ಬೇರೆ ಸಂಸ್ಥೆ. ಒಬ್ಬರು ಹಾಕಿದ ತಾರೀಕು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸಂಸ್ಥೆಗಳನ್ನು ಒಂದು ಮಾಡುವ ಮಾತುಕತೆ ನಡೆಯುತ್ತಲೇ ಇದೆ.

ಬಡಗಿಮನೆ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಬೈಯಬೇಡಿ. ಅಕ್ಕ, ಮಗಳ ಹರ್ಲಿ ಯಾವ ಮರದ್ದು? ನನ್ನ ಅಪ್ಪ ಬಡಗಿ, ಹಾಗಾಗಿ ಮೊದಲ ಸಲ ಹರ್ಲಿ ಕೈಗೆ ಸಿಕ್ಕಾಗ ನಾನು ಆಟ ನೋಡಲಿಲ್ಲ, ಮರದ ಎಳೆ ನೋಡಿದೆ. ಅದು ಆಶ್ ಮರ. ಬುಡದಲ್ಲಿ ಬೇರು ಹೊರಟು ಅಗಲ ಆಗುತ್ತದಲ್ಲ, ಅಲ್ಲಿಂದ ಕುಯ್ಯುತ್ತಾರೆ. ಹಿಡಿಕೆಯಿಂದ ಇಳಿದ ಎಳೆ ತಿರುಗಿ ಅಗಲದ ಭಾಗಕ್ಕೆ ಹೋಗುವ ಹಾಗೆ. ನೇರ ಹಲಗೆಯಿಂದ ಆ ಆಕಾರ ಕೊರೆದರೆ ಎಳೆ ತಿರುವಿನಲ್ಲಿ ತುಂಡಾಗಿರುತ್ತದೆ, ಎರಡನೇ ಏಟಿಗೆ ಸೀಳುತ್ತದೆ. ನಮ್ಮ ಕಡೆ ನೇಗಿಲಿಗೆ ಬಾಗಿದ ಕೊಂಬೆಯನ್ನೇ ಹುಡುಕುವುದಿಲ್ಲವಾ, ಅದೇ ಬುದ್ಧಿ. ತುದಿಗೆ ತಗಡಿನ ಪಟ್ಟಿ ಬಡಿಯುತ್ತಾರೆ. 2012ರಲ್ಲಿ ಆಶ್ ಮರಕ್ಕೆ ಒಣಗು ರೋಗ ಇಲ್ಲೂ ಕಾಣಿಸಿತು. ಈಗ ಬಿದಿರಿನ ಹರ್ಲಿ ಕೂಡ ಬಂದಿದೆ. ಟೆಡ್ಡಿ ಕಾಲದಲ್ಲಿ ಬಿದಿರು ಅಂದಿದ್ದರೆ ನಗುತ್ತಿದ್ದರು.

ಕಾರ್ಕಮ್ಮ

ನಮ್ಮದು ಒಂದು ಆಶ್, ಒಂದು ಬಿದಿರು. ಬಿದಿರಿನದ್ದು ಅವಳಿಗೆ ಇಷ್ಟ ಇಲ್ಲ, ಸದ್ದು ಸರಿ ಬರಲ್ಲ ಅಂತಾಳೆ.

ಎಲ್ಲರೂ ಇಷ್ಟೊಂದು ಬರೆದಿರಿ, ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ 1990ರ ಎರಡೂ ಫೈನಲ್‌ನ ತುಣುಕು ತೋರಿಸಿದೆ. ಗೋಲಿಯ ಮೂಗಿಗೆ ಬಡಿದದ್ದನ್ನು ಆರು ಸಲ ಹಿಂದೆ ಮುಂದೆ ಮಾಡಿ ನೋಡಿದಳು, ಟೆಡ್ಡಿಗಿಂತ ಅದೇ ಇಷ್ಟ ಆಯಿತು. ಆಮೇಲೆ ಕೇಳಿದಳು, ಇವರ ಕಾಲುಚೀಲ ಯಾಕೆ ಯಾವಾಗಲೂ ಕೆಳಗೆ ಅಂತ. ನನಗೇನು ಗೊತ್ತು. ರೀನಾ, ಬ್ರೀಜ್ ಬಗ್ಗೆ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು! "ಅಮ್ಮ, ಎಲ್ಲರಿಗೂ ಗೊತ್ತು" ಅಂದಳು.

ಬೆಳಿಗ್ಗೆ ಕೋಚ್ ಹತ್ತಿರ ಮಾತಾಡಿದೆ. ಅವರು ಕೆಟ್ಟವರಲ್ಲ, ಮಂಗಳವಾರ ಎರಡೂ ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬಿದ್ದಿದೆ ಅನ್ನುವುದೇ ಅವರ ತೊಂದರೆ. ಇನ್ನೊಂದು ತಂಡದವರ ಫೋನ್ ನಂಬರೇ ಅವರ ಹತ್ತಿರ ಇರಲಿಲ್ಲ. ನಾನೇ ಕೊಟ್ಟೆ. ಗುರುವಾರಕ್ಕೆ ಸರಿಸಿ ನೋಡುತ್ತಾರಂತೆ. ಇನ್ನೊಂದು ವರ್ಷ ಎರಡೂ ಆಡಲಿ, ಆಮೇಲೆ ಅವಳೇ ಹೇಳಲಿ ಅಂತ ಬಿಟ್ಟಿದ್ದೇನೆ.

ಅಂಡರ್-14 ಅಪ್ಪ

ಒಳ್ಳೆಯದಾಯಿತು ಮೇಡಂ. ಒಂದು ಮಾತು, ಒಂದೇ ದಿನ ಎರಡು ಪಂದ್ಯ ಬಿದ್ದರೆ ಮಾತ್ರ ಒಂದರಲ್ಲಿ ಅರ್ಧ ಆಡಿಸಿ ಅಂತ ಮೊದಲೇ ಹೇಳಿಬಿಡಿ. ಆ ದಿನ ಬೆಳಿಗ್ಗೆ ಹೇಳಿದರೆ ಇಬ್ಬರು ಕೋಚೂ ಕೇಳಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಕಾರ್ಕಮ್ಮ

ಖಂಡಿತ ಹೇಳುತ್ತೇನೆ. ಹಾಂ, ಮರೆತೆ. ಇನ್ನೊಂದು ಜೊತೆ ಬೂಟು ತಂದೆ.

ಬಸವನಗುಡಿ ಬೌಲರ್

ಅಕ್ಕ, ಆರು ತಿಂಗಳಿಗೆ ಎರಡು ಜೊತೆಯೂ ಸಾಲಲ್ಲ, 13ರ ಮಕ್ಕಳ ಕಾಲು ನೋಡಿದ್ದೀರಾ?